ಒಂಬತ್ತು ಮಿಲಿಮೀಟರ್

ಚಿಕ್ ಚಿಕ್ ಚಿಕ್, ಇದು ತಂಪು ಪಂಪಿನ ಸದ್ದು, ಎಂಆರ್‌ಐ ಯಂತ್ರ ಕೆಲಸವಿಲ್ಲದಾಗಲೂ ಬಾಯಿ ಮುಚ್ಚುವುದಿಲ್ಲ, ಗಾಜಿನ ಆಚೆ ಕೂತು ಹತ್ತೊಂಬತ್ತು ವರ್ಷ ಕೇಳಿದ್ದೇನೆ, ಒಳಗೆ ಮಲಗಿದವಳಿಗೆ ಮಾತ್ರ ಯಾರೋ ತಲೆಯ ಹಿಂದೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿರುವ ಹಾಗೆ ಕೇಳುತ್ತದೆ, ಮೂಗಿನಿಂದ ನಾಲ್ಕು ಬೆರಳು ಮೇಲೆ ಬಿಳಿ ಸುರಂಗ, ಅದರಲ್ಲೊಂದು ಗೀರು, ಇಲ್ಲಿ ಗೀರಿದೆ ಎಂದು ಯಾವ ರೋಗಿಯೂ ಹೇಳಿಲ್ಲ, ಹೇಗೆ ಹೇಳಿಯಾರು, ಕಣ್ಣು ಮುಚ್ಚಿಕೊಳ್ಳಿ ಎಂದು ಮಲಗಿಸುವವಳೇ ನಾನು, ಆರು ವರ್ಷದ ಹಿಂದೆ ಇದೇ ಹಲಗೆಯ ಮೇಲೆ ಮಲಗಿದಾಗ ನಾನೂ ಮುಚ್ಚಿಕೊಂಡಿದ್ದೆ. ಕೈಯಲ್ಲಿ ರಬ್ಬರಿನ ಉಂಡೆ, ಹೆದರಿಕೆಯಾದರೆ ಅದುಮಬೇಕು, ಹೊಟ್ಟೆಯ ಮೇಲೆ ಪಟ್ಟಿ ಬಿಗಿದ ಫಲಕ, ಕಿವಿಯಲ್ಲಿ ಹೆಡ್‌ಫೋನು, ಅದರೊಳಗಿಂದ ಗಡಿಯಾರ ಮಾತಾಡುತ್ತಾಳೆ, ಏನೇ, ಸರಿಯಾಗಿ ಮಲಗಿದ್ಯಾ, ಅಲ್ಲಾಡಿದ್ಯೋ ನೋಡು, ಮತ್ತೆ ಮೊದಲಿಂದ ಮಾಡ್ಬೇಕು, ನಂಗೆ ಹಸಿವಾಗಿದೆ. ನನ್ನ ಜೊತೆಗಾರ್ತಿ, ಈ ಯಂತ್ರವನ್ನು ಪಾಳಿಯ ಮೇಲೆ ನಡೆಸುವವರು ನಾವಿಬ್ಬರೇ, ಉಸಿರು ಹಿಡಿಸುವಾಗ ಒಂದು ಸೆಕೆಂಡು ಆಚೀಚೆ ಮಾಡುವುದಿಲ್ಲ, ಅದಕ್ಕೇ ಗಡಿಯಾರ ಅಂತ ಹೆಸರಿಟ್ಟೆ, ಬೈಯದೆ ಮಾತಾಡಲು ಬರುವುದಿಲ್ಲ ಅವಳಿಗೆ, ಬೈಯಲಿ, ಅವಳು ಬೈಯುವಷ್ಟು ಹೊತ್ತು ಎಲ್ಲ ನೆಟ್ಟಗಿದೆ ಎಂದರ್ಥ.

ಟಪ್ ಟಪ್ ಟಪ್ ಟಪ್, ಇದು ಮೊದಲನೆಯ ಚಿತ್ರ, ನೀರು ಬೆಳ್ಳಗೆ ಕಾಣುವುದು, ಗಡ್ಡೆ ಇದರಲ್ಲಿ ಕಪ್ಪಗೆ ಕಂಡರೆ ಒಂದು ಜಾತಿ, ಬೆಳ್ಳಗೆ, ಹರಕುಮುರುಕಾಗಿ ಕಂಡರೆ ಇನ್ನೊಂದು, ಮೂತ್ರಪಿಂಡದ ಗಡ್ಡೆಗಳು ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ ಒಂದೇ ಥರ, ಒಳಗಿನ ಬುದ್ಧಿ ಬೇರೆ ಬೇರೆ. ಬಡಪಾಯಿ ಕೊಬ್ಬಿನ ಗಡ್ಡೆಯಾದರೆ ಅದರ ಪಾಡಿಗೆ ಬಿಟ್ಟುಬಿಡಬಹುದು, ನಿಧಾನದ ಜಾತಿಯಾದರೆ ವರ್ಷಾನುಗಟ್ಟಲೆ ಕಾಯಬಹುದು, ಉಗ್ರದ್ದಾದರೆ ಕೊಯ್ಯಬೇಕು, ನನ್ನದು ಅಂಚಿನಲ್ಲಿ ಕೂತಿದ್ದರೆ ಅಷ್ಟನ್ನೇ ಕೊಯ್ಯುತ್ತಿದ್ದರು, ಅದು ನಟ್ಟನಡುವೆ ರಕ್ತನಾಳವನ್ನು ತಬ್ಬಿಕೊಂಡು ಕೂತಿದೆ, ನಾಲ್ಕು ಸೆಂಟಿಮೀಟರ್, ಕಿತ್ತರೆ ಇಡೀ ಕಿಡ್ನಿಯೇ ಬರುತ್ತದೆ, ನನಗೆ ಇರುವುದು ಅದೊಂದೇ. ಎಡಗಡೆಯದು ಆರು ವರ್ಷದಿಂದ ತಮ್ಮನ ಹೊಟ್ಟೆಯಲ್ಲಿ ಕೆಲಸ ಮಾಡುತ್ತಿದೆ, ಚೆನ್ನಾಗಿ ಮಾಡುತ್ತಿದೆ, ದಪ್ಪಗಾಗಿದ್ದಾನೆ, ಕನ್ನಡಕದ ಅಂಗಡಿಯನ್ನು ಎರಡು ಪಟ್ಟು ಮಾಡಿದ್ದಾನೆ, ಸಾಸಿವೆಯಷ್ಟು ತಿರುಪನ್ನು ಚಿಮಟದಲ್ಲಿ ಹಿಡಿದು ಫ್ರೇಮಿಗೆ ಕೂರಿಸುತ್ತಾನೆ, ಡಯಾಲಿಸಿಸ್ಸಿನ ದಿನಗಳಲ್ಲಿ ನೀರಿನ ಲೋಟ ಹಿಡಿದರೂ ಚೆಲ್ಲುತ್ತಿದ್ದ ಕೈ ಅದು, ಅಮ್ಮ ಹೋದಾಗ ಎಂಟು ವರ್ಷದ ಆ ಕೈ ಹಿಡಿದು ಸ್ಕೂಲಿಗೆ ಬಿಟ್ಟವಳು ನಾನು, ರಸ್ತೆ ದಾಟಬೇಕಾದರೆ ಅಂಗೈ ಚಾಚಿ ನಿಲ್ಲುತ್ತಿದ್ದ, ಹಿಡ್ಕೋ ಎಂದು ಬಾಯಲ್ಲಿ ಹೇಳುತ್ತಿರಲಿಲ್ಲ. ಉಸಿರು ತಗೋ, ಬಿಡು, ಪೂರ್ತಿ ಬಿಡು, ಹಿಡ್ಕೋ. ಡ್ರ್ರ್ರ್ರ್, ಇದು ಕೊಬ್ಬನ್ನು ಅಡಗಿಸಿ ತೆಗೆಯುವ ಚಿತ್ರ, ಗಡ್ಡೆಯಲ್ಲಿ ಕೊಬ್ಬಿದ್ದರೆ ಈಗ ಕಪ್ಪಾಗಬೇಕು, ಕಪ್ಪಾಗು ಮಾರಾಯ್ತಿ, ಕಪ್ಪಾಗು, ಹದಿನಾರು, ಹದಿನೇಳು, ಬಿಡು ಉಸಿರು. ಕಪ್ಪಾಯಿತೋ ಇಲ್ಲವೋ, ಗಡಿಯಾರ ಕೆಮ್ಮಿದಳು, ಕೆಮ್ಮಿಗೆ ಅರ್ಥವಿರುವುದಿಲ್ಲ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ, ತನ್ನ ಚಿತ್ರವನ್ನಾಗಲಿ ತನ್ನ ಮನೆಯವರ ಚಿತ್ರವನ್ನಾಗಲಿ ನಮ್ಮಲ್ಲಿ ಯಾರೂ ನೋಡಬಾರದು, ನೋಡಿದರೆ ಇಲ್ಲದ್ದೆಲ್ಲ ಕಾಣುತ್ತದೆ, ಊರಿಗೆಲ್ಲ ಹೇಳಿ ಕಲಿಸಿದವಳು ನಾನೇ, ಆರು ವರ್ಷದ ಹಿಂದೆ ದಾನಕ್ಕೆ ಮುಂಚಿನ ಸ್ಕ್ಯಾನ್ ಆದಾಗ ಪರದೆಯ ಕಡೆ ತಿರುಗಿಯೂ ನೋಡದೆ ಬಟ್ಟೆ ಬದಲಾಯಿಸಿಕೊಂಡು ಮನೆಗೆ ಹೋದೆ, ವರದಿ ಓದಿದೆ, ಎರಡೂ ಮೂತ್ರಪಿಂಡಗಳು ಸಹಜ, ಕೆಳಗೆ ಭೂತಗನ್ನಡಿ ಸರ್ ಸಹಿ, ಮೂಗನ್ನು ಪರದೆಗೆ ತಾಗಿಸಿ ನೋಡುವ ಡಾಕ್ಟರು, ಅವರ ಕಣ್ಣು ತಪ್ಪಿಸಿ ಒಂದು ಕೂದಲೆಳೆಯೂ ಹೋಗುವುದಿಲ್ಲ, ಹಾಗಂತ ನಾನೇ ರೋಗಿಗಳಿಗೆ ಧೈರ್ಯ ಹೇಳುತ್ತಿದ್ದೆ. ದೀಪದ ಬುಡದಲ್ಲೇ ಕತ್ತಲೆ. ಈ ಬೆಳಿಗ್ಗೆ ಹೋಲಿಸಿ ನೋಡಲೆಂದು ಗಡಿಯಾರ ಹಳೆಯ ಚಿತ್ರ ತೆರೆದಿಟ್ಟಿದ್ದಳು, ನಾನು ಫಾರ್ಮಿಗೆ ಸಹಿ ಹಾಕಲು ಬಗ್ಗಿದೆ, ಬಗ್ಗಿದ್ದೇ ತಪ್ಪು, ಬಲ ಕಿಡ್ನಿಯ ನಡುವೆ ಕಾಳಿನಷ್ಟು ಬೂದು ಚುಕ್ಕೆ, ಅದರ ಪಕ್ಕ ಹಳದಿ ಬಾಣ, ಬಾಣದ ತುದಿಯಲ್ಲಿ ಅಂಕಿ, ಒಂಬತ್ತು ಮಿಲಿಮೀಟರ್. ಬಾಣ ತಾನಾಗಿ ಹುಟ್ಟುವುದಿಲ್ಲ, ನೋಡಿದವನು ಇಡಬೇಕು, ಅಳೆದವನು ಬರೆಯಬೇಕು, ಅವರು ನೋಡಿದ್ದಾರೆ, ಅಳೆದಿದ್ದಾರೆ, ಬರೆದಿಲ್ಲ. ಕಿಡ್ನಿ ದಾನದ ಕೆಲಸದಲ್ಲಿ ಇರುವುದು ಒಂದೇ ಧರ್ಮ, ಎರಡರಲ್ಲಿ ಒಳ್ಳೆಯದು ಕೊಡುವವರ ಬಳಿ ಉಳಿಯಬೇಕು, ಕೈಕೆಳಗಿನವರಿಗೆಲ್ಲ ಸರ್ ಅದನ್ನೇ ಬಾಯಿಪಾಠ ಮಾಡಿಸುತ್ತಿದ್ದರು, ನನಗೆ ಮಾತ್ರ ಚುಕ್ಕೆಯದನ್ನು ಉಳಿಸಿ ಒಳ್ಳೆಯದನ್ನು ತೆಗೆದರು. ಗಡಿಯಾರ ಥಟ್ಟನೆ ಪರದೆ ಮುಚ್ಚಿದಳು, ನೀನು ನೋಡ್ಬಾರ್ದಿತ್ತು ಕಣೇ ಅಂದಳು, ನಾನು ಹೊರಗಿನ ಮೊಗಸಾಲೆಗೆ ಬಂದೆ, ಒಳಗೆ ಲೋಹ ಒಯ್ಯುವ ಹಾಗಿಲ್ಲ, ಕಿವಿಯೋಲೆ ತೆಗೆದು ಕೊಡಬೇಕಿತ್ತು, ತಮ್ಮ ನೀಲಿ ಕುರ್ಚಿಯಿಂದ ಎದ್ದು ಅಂಗೈ ಚಾಚಿದ.

ತಣ್ಣಗೆ ಹತ್ತುತ್ತದೆ ಈಗ ತೋಳಲ್ಲಿ, ಡೈ ಬಿಡ್ತಾ ಇದೀನಿ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತೆ, ಗೊತ್ತಲ್ಲ, ಹೊಸದಾಗಿ ಹೇಳ್ಬೇಕಾ ನಿಂಗೆ. ಗೊತ್ತು, ರಕ್ತಕ್ಕೆ ಬಿಟ್ಟ ಆ ಮದ್ದು ಇಪ್ಪತ್ತೈದು ಸೆಕೆಂಡಿನಲ್ಲಿ ಕಿಡ್ನಿಗೆ ತಲುಪುತ್ತದೆ, ನಿಧಾನದ ಗಡ್ಡೆ ಸೋಮಾರಿ, ಆಮೇಲೆ ಒಂಚೂರು ಕುಡಿಯುತ್ತದೆ, ಉಗ್ರದ್ದು ಹಸಿದು ಕೂತಿರುತ್ತದೆ, ಬಂದ ಕೂಡಲೇ ಗಟಗಟ ಕುಡಿದು ದೀಪದ ಹಾಗೆ ಹೊತ್ತಿಕೊಳ್ಳುತ್ತದೆ, ಗಾಜಿನ ಆಚೆಯವರಿಗೆ ಆ ಕ್ಷಣವೇ ಕಾಣುತ್ತದೆ, ಉಸಿರು ತಗೋ, ಬಿಡು, ಹಿಡ್ಕೋ — ನಿಂಗೆ ಗೊತ್ತಿತ್ತೇನೋ, ಅಂದೆ ತಮ್ಮನಿಗೆ, ಮೊಗಸಾಲೆಯಲ್ಲಿ ಒಂದು ಓಲೆ ಬಿಚ್ಚುತ್ತ, ಏನು ಎಂದು ಅವನು ಕೇಳಲೇ ಇಲ್ಲ, ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ, ಬಾಗಿಲ ಕಡೆ ನೋಡಿದ, ಸರ್ ನನ್ನ ಕರೆದಿದ್ರು ಅಕ್ಕಾ, ಇದನ್ನ ಬರೆದ್ರೆ ಕಿಡ್ನಿ ಕಸಿ ಕಮಿಟಿಯವರು ತಡೀತಾರೆ, ಆರು ತಿಂಗಳು ಕಾದು ನೋಡಿ ಅಂತಾರೆ, ನಿನ್ನ ಹತ್ರ ಆರು ತಿಂಗಳು ಇದ್ಯಾ ಅಂದ್ರು. ನೀನೇನಂದೆ. ಬರೀಬೇಡಿ ಅಂದೆ. ನೀರುಗುಳ್ಳೆ ಇರಬಹುದು ಅಂದ್ರು ಅಕ್ಕಾ, ತೊಂಬತ್ತು ಪಾಲು ಅದೇ ಅಂದ್ರು. ನನ್ನ ಒಂದು ಮಾತು ಕೇಳಬಹುದಿತ್ತಲ್ಲೋ. ಕೇಳಿ ನೀನು ಬೇಡ ಅಂದುಬಿಟ್ರೆ ಅಂತ ಹೆದರಿಕೆ ಆಯ್ತು. ಬಿಡು ಉಸಿರು. ಬೇಡ ಅನ್ನುತ್ತಿದ್ದೆನೆ ನಾನು, ಎರಡು ಬೈಗುಳ ಬೈದು ಕೊಟ್ಟೇ ಕೊಡುತ್ತಿದ್ದೆ, ಚುಕ್ಕೆ ನನಗಿರಲಿ, ಒಳ್ಳೆಯದು ನಿನಗಿರಲಿ ಎಂದು ಬಾಯಿಬಿಟ್ಟು ಹೇಳುತ್ತಿದ್ದೆ, ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡು ಅದನ್ನು ಕಾಯುತ್ತಿದ್ದೆ, ಬಟಾಣಿಯಷ್ಟಿದ್ದಾಗಲೇ ಸೂಜಿಯಲ್ಲಿ ಸುಡಿಸುತ್ತಿದ್ದೆ, ಅಷ್ಟೂ ನನ್ನ ಕೈಯಲ್ಲಿತ್ತು, ನನ್ನ ಕೈಯಿಂದ ಕಿತ್ತುಕೊಂಡ. ಕಿಡ್ನಿ ಕೊಟ್ಟದ್ದು ನನಗೆ ನೋವಲ್ಲ, ಇವಳು ಕೊಡಲಾರಳು ಎಂದುಕೊಂಡನಲ್ಲ, ಇಪ್ಪತ್ತು ವರ್ಷ ಕೈತುತ್ತು ತಿಂದು ಅಷ್ಟೂ ನಂಬಲಿಲ್ಲವಲ್ಲ, ಆಮೇಲೆ ಪ್ರತಿ ವರ್ಷ ಅಕ್ಕಾ ಒಂದ್ಸಲ ಸ್ಕ್ಯಾನ್ ಮಾಡಿಸ್ಕೋ, ನಿನ್ ಮೇಲೆ ನಿಂಗೆ ಕಾಳಜೀನೇ ಇಲ್ಲ ಎನ್ನುತ್ತಿದ್ದ, ನಾನು ಕರಗಿ ನೀರಾಗುತ್ತಿದ್ದೆ, ನಾಳೆ ಮಾಡಿಸೋಣ ಬಿಡೋ, ಯಂತ್ರ ಎಲ್ಲಿಗೂ ಓಡಿಹೋಗಲ್ಲ ಎನ್ನುತ್ತಿದ್ದೆ, ಇಂಥದ್ದಿದೆ ಅದಕ್ಕೇ ಮಾಡಿಸ್ಕೋ ಎನ್ನಲು ಅವನಿಗೆ ಆರು ವರ್ಷದಲ್ಲಿ ಒಂದು ದಿನ ಸಿಗಲಿಲ್ಲ, ಕಿವಿಗೆ ಹೂವಿಟ್ಟ ನನ್ನ ತಮ್ಮ.

ಹೆಡ್‌ಫೋನಿನಲ್ಲಿ ಸದ್ದಿಲ್ಲ. ಇಷ್ಟು ಹೊತ್ತಿಗೆ ಬೈಯಬೇಕಿತ್ತು ಅವಳು, ಉಸಿರು ಸರಿಯಾಗಿ ಹಿಡೀಲಿಲ್ಲ, ಹೊಟ್ಟೆ ಅಲ್ಲಾಡಿತು, ಏನಾದರೂ, ಡೈ ತಲುಪಿ ಮೂರು ನಿಮಿಷವಾಯಿತು, ಅವಳ ಮುಂದೆ ಈಗ ಎಲ್ಲ ಇದೆ, ಹೊತ್ತಿಕೊಂಡಿದೆಯೋ ಇಲ್ಲವೋ ಇದೆ, ಬೈಯೇ, ಒಂದು ಸಲ ಬೈದುಬಿಡೇ. ಟಕ್ ಎಂದು ಮೈಕು ಒತ್ತಿದ ಸದ್ದು, ಆಮೇಲೆ ಅವಳ ಉಸಿರು, ಆಮೇಲೆ, ತುಂಬಾ ಚೆನ್ನಾಗಿ ಮಾಡಿದ್ರಮ್ಮಾ, ಇನ್ನೊಂದೇ ಒಂದು ಚಿತ್ರ, ಆಯ್ತಾಮ್ಮಾ. ಅಮ್ಮಾ ಅಂದಳು. ನನಗೆ, ಬಹುವಚನದಲ್ಲಿ. ಗಾಜಿನ ಆಚೆ ಇಬ್ಬರೂ ಹಾಗೆಯೇ ಮಾಡುವುದು, ಪರದೆಯ ಮೇಲೆ ಕೆಟ್ಟದ್ದು ಹೊತ್ತಿಕೊಂಡ ಕೂಡಲೇ ಗದರುವ ಬಾಯಿಗೆ ಬೆಲ್ಲ ಸವರಿಕೊಳ್ಳುತ್ತೇವೆ, ರೋಗಿಗಳಿಗೆ ಅದು ತಿಳಿಯುವುದಿಲ್ಲ, ಎಷ್ಟು ಒಳ್ಳೆಯವರು ಎಂದು ಕೈಮುಗಿದು ಹೋಗುತ್ತಾರೆ. ಹಾಗಾದರೆ ಈ ಕಿಡ್ನಿಯೂ ಹೋಗುತ್ತದೆ, ವಾರಕ್ಕೆ ಮೂರು ದಿನ ಡಯಾಲಿಸಿಸ್, ಅವನು ಮಲಗುತ್ತಿದ್ದ ಕಿಟಕಿಯ ಪಕ್ಕದ ಮಂಚ, ಅಳೆದು ಕುಡಿಯುವ ನೀರು, ಯಾರನ್ನು ಕೇಳಲಿ, ಯಾರ ಮುಂದೆ ಕೈ ಚಾಚಲಿ, ಉಸಿರು ತಗೊಳ್ಳಿ, ಬಿಡಿ, ಹಿಡ್ಕೊಳ್ಳಿ — ಅಂಗೈ, ನೀಲಿ ಕುರ್ಚಿಯ ಮುಂದೆ ಚಾಚಿದ ಅಂಗೈ, ಬರೀಬೇಡಿ ಅಂದೆ ಎಂದವನ ಅಂಗೈ, ಎರಡನೆಯ ಓಲೆ ಬಿಚ್ಚುವಾಗ ನನ್ನ ಬೆರಳು ಅದುರಿ ತಿರುಪು ಜಾರಿತು, ಸಾಸಿವೆಯಷ್ಟು ತಿರುಪು, ಅದು ಬಿದ್ದದ್ದು ಆ ಅಂಗೈಯ ನಟ್ಟನಡುವೆ, ಅಂಗೈ ಒಂಚೂರೂ ನಡುಗಲಿಲ್ಲ