ಕಹಳೆಗೆ ಸಿಕ್ಕದ ದನಿ

ಅಕ್ಕನ ದನಿ ಸಣ್ಣದು. ಪ್ರಾರ್ಥನೆಯ ಮನೆಯಲ್ಲಿ ಅವಳು ಹಾಡಲು ಎದ್ದು ನಿಂತರೆ ಕೆಮ್ಮುವವರು ಕೆಮ್ಮನ್ನು ನುಂಗಿಕೊಳ್ಳುತ್ತಿದ್ದರು. ಕಡೆಯ ಬೆಂಚಿನ ಮುದುಕರು ಕಿವಿಗೆ ಅಂಗೈ ಆನಿಸಿ ಮುಂದಕ್ಕೆ ಬಾಗುತ್ತಿದ್ದರು. ದೇವರು ಕೆಲವರಿಗೆ ಎಲ್ಲರ ಬಳಿಗೂ ಹೋಗಿ ಮುಟ್ಟುವ ದನಿ ಕೊಡುತ್ತಾನೆ. ಅವಳಿಗೆ ಎಲ್ಲರೂ ತಾವಾಗಿ ಹತ್ತಿರ ಬರುವಂಥ ದನಿ ಕೊಟ್ಟಿದ್ದ.

ತಂಗಿಯದು ಬೇರೆಯೇ ಗಂಟಲು. ಇಬ್ಬರೂ ಸೇರಿ ನಡೆಸುತ್ತಿದ್ದ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಎದುರು ಸಾಲಿನ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದ.

"ತಾಯೀ, ಸ್ವಲ್ಪ ಮೆಲ್ಲಗೆ! ಗಿರಾಕಿ ಬೆಚ್ಚಿಬಿದ್ದರೆ ಕಿವಿ ನನ್ನ ಕೈಗೆ ಬರುತ್ತೆ!"

"ಕಿವಿಗೂ ಸೇರಿಸಿ ಕೂಲಿ ತಗೊಳ್ಳಣ್ಣ!" ಎಂದು ಅವಳು ಒಳಗಿಂದಲೇ ಕೂಗುತ್ತಿದ್ದಳು. ಅಕ್ಕ ನಗುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು. ಕೆಂಡದ ಹೊಗೆ ಮತ್ತು ಒದ್ದೆ ಬಟ್ಟೆಯ ಹಬೆ ಅವಳ ಎದೆಯಲ್ಲಿ ಮನೆಮಾಡಿಕೊಂಡಿದ್ದವು. ಈ ಕೋಣೆ ಬಿಡಬೇಕೆಂದು ವೈದ್ಯರು ಹೇಳಿದ್ದರು. ಆಯಿತೆಂದು ತಲೆಯಾಡಿಸಿ ಬಂದು ಅವಳು ಮತ್ತೆ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿದಳು.

ಆ ವರ್ಷ ಹಾಡುಗಳನ್ನು ಗ್ರಾಮಫೋನಿನ ತಟ್ಟೆಗೆ ಇಳಿಸುವವನೊಬ್ಬ ಆ ಊರಿಗೆ ಬಂದ. ಊರೂರು ಸುತ್ತಿ, ಹಾಡುವವರನ್ನು ಹುಡುಕಿ, ಮೇಣದ ದಪ್ಪ ಬಿಲ್ಲೆಗಳ ಮೇಲೆ ಅವರ ದನಿ ಕೊರೆದುಕೊಂಡು, ಹಡಗಿನಲ್ಲಿ ದೂರದ ಕಾರ್ಖಾನೆಗೆ ಕಳಿಸುವುದು ಅವನ ಕಸುಬು. ಅಕ್ಕತಂಗಿಯರು ಅವನಿಗೆ ಮೇಣದಪ್ಪ ಎಂದು ಹೆಸರಿಟ್ಟರು. ಪ್ರಾರ್ಥನೆಯ ಮನೆಯಲ್ಲಿ ಅಕ್ಕನ ಹಾಡು ಕೇಳಿ ಅವನು ಅಂಗಡಿಗೇ ಬಂದ. ಅಕ್ಕನಿಗೆ ಇಂಥದ್ದೆಲ್ಲ ಹಿಡಿಸುತ್ತಿರಲಿಲ್ಲ. ಆದರೂ ಒಪ್ಪಿಕೊಂಡಳು.

"ಗುಬ್ಬಿಗೋಸ್ಕರ ಕಣೇ," ಎಂದಳು ತಂಗಿಗೆ. ಗುಬ್ಬಿ ಅವಳ ಮಗಳು, ಆಗ ತಾನೇ ಹಾಲುಹಲ್ಲು ಬೀಳುತ್ತಿದ್ದ ವಯಸ್ಸು. "ನನ್ನ ಮುಖ ಅವಳಿಗೆ ಮರೆತುಹೋಗುತ್ತೆ. ದನಿಯಾದರೂ ಇರಲಿ."

"ಸುಮ್ನಿರೇ, ಶನಿ! ಬಾಯಲ್ಲಿ ಒಳ್ಳೇದು ಬರಲ್ವಾ ನಿಂಗೆ?" ಎಂದು ತಂಗಿ ಬೈದಳು. ಬೈದವಳು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಮೇಣದಪ್ಪ ಬಾಡಿಗೆಗೆ ಹಿಡಿದ ಮಹಡಿಯ ಕೋಣೆಯಲ್ಲಿ ಕಿಟಕಿಗಳಿಗೆಲ್ಲ ಕಂಬಳಿ ಹೊಡೆದಿದ್ದರು. ಹಲಗೆಯ ಗೋಡೆಯೊಂದರಿಂದ ತಗಡಿನ ದೊಡ್ಡ ಕಹಳೆ ಹೊರಕ್ಕೆ ಬಾಯಿ ಚಾಚಿತ್ತು. ಅದರೊಳಗೆ ಹಾಡಿದರೆ ಆಚೆ ಬದಿಯಲ್ಲಿ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ವಿದ್ಯುತ್ತಿಲ್ಲ, ಏನಿಲ್ಲ. ಮನುಷ್ಯನ ಉಸಿರಿನ ಬಲವೊಂದೇ ಬಲ.

ಅಕ್ಕ ಕಹಳೆಗೆ ಮುಖವೊಡ್ಡಿ ಹಾಡಿದಳು. ಹಾಡು ಮುಗಿದಾಗ ತಂಗಿಯ ಕಣ್ಣು ತುಂಬಿತ್ತು. ಮೇಣದಪ್ಪ ಬಿಲ್ಲೆಯನ್ನು ದೀಪಕ್ಕೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ತುಟಿ ಕಚ್ಚಿಕೊಂಡ.

"ದನಿ ಬಿದ್ದರೆ ಗೆರೆ ನಡುಗಬೇಕಮ್ಮ. ಇದು ನೋಡಿ, ಹೊಲಿಗೆ ದಾರದ ಹಾಗೆ ನೆಟ್ಟಗಿದೆ. ಏನೂ ಬಿದ್ದಿಲ್ಲ."

"ಒಂದು ಸಲ ಕೇಳಿಸಿ ನೋಡಬಾರದಾ?" ಎಂದರು ಭಾವ. ಅಕ್ಕನ ಗಂಡನಾದ ಅವರು ಬಡಗಿ, ಯಾವುದನ್ನೂ ಕೈಯಲ್ಲಿ ಮುಟ್ಟಿ ನೋಡದೆ ನಂಬುವವರಲ್ಲ.

"ಮೇಣ ಮೆದು ಸ್ವಾಮಿ. ಒಂದು ಸಲ ಕೇಳಿಸಿದರೆ ಗೆರೆ ಅಳಿಸೇಹೋಗುತ್ತೆ. ಕಾರ್ಖಾನೆಯಿಂದ ಗಟ್ಟಿ ತಟ್ಟೆಯಾಗಿ ಬಂದ ಮೇಲೇ ಕೇಳೋದು."

ಎರಡನೆಯ ಸಲವೂ ಗೆರೆ ನಡುಗಲಿಲ್ಲ. ಮೂರನೆಯ ಸಲ ಅಕ್ಕ ಏರು ದನಿ ಎಳೆಯಲು ಹೋಗಿ ಕೆಮ್ಮಿದಳು. ಆ ಬಿಲ್ಲೆಯೂ ಹಾಳಾಯಿತು. ಪ್ರಾರ್ಥನೆಯ ಮನೆಯಲ್ಲಿ ಜನ ಮುಂದಕ್ಕೆ ಬಾಗುತ್ತಿದ್ದರು. ತಗಡಿಗೆ ಬಾಗಲು ಬರುತ್ತದೆಯೇ?

ಕೊನೆಗೆ ಮೇಣದಪ್ಪ ತಂಗಿಯ ಕಡೆ ತಿರುಗಿದ. "ನೀವೂ ಹಿಂದೆ ನಿಂತು ಜೊತೆಗೆ ಹಾಡಿ. ದನಿಗೆ ದನಿ ಊರುಗೋಲು. ಅವರದ್ದೂ ಏರಿಕೊಳ್ಳಬಹುದು."

ತಂಗಿ ಒಂದು ಹೆಜ್ಜೆ ಹಿಂದೆ ನಿಂತು ಮೊದಲ ಸಾಲನ್ನು ತಗ್ಗಿಸಿಯೇ ಹಾಡಿದಳು. ಎರಡನೆಯ ಸಾಲಿಗೆ ಅಕ್ಕನ ಭುಜ ನಡುಗುವುದು ಕಂಡಿತು. ಉಸಿರು ಸಾಲುತ್ತಿರಲಿಲ್ಲ. ಅವಳು ಹಾಡಿನ ನಡುವೆ ಬಿದ್ದುಬಿಡುವಳೇನೋ ಎಂದು ಹೆದರಿ ತಂಗಿ ದನಿ ಎತ್ತಿದಳು. ಎತ್ತಿದ್ದನ್ನು ಇಳಿಸಲು ಆಮೇಲೆ ಆಗಲಿಲ್ಲ.

ಮೇಣದಪ್ಪ ಭೂತಗನ್ನಡಿ ಹಿಡಿದು ಮುಖವರಳಿಸಿದ. "ನಡುಗಿದೆ! ಚೆನ್ನಾಗಿ ನಡುಗಿದೆ!"

ಅಕ್ಕ ಕುರ್ಚಿಯಲ್ಲಿ ಕುಸಿದು ಕುಳಿತು ನಕ್ಕಳು. "ಅಬ್ಬ! ಇನ್ನು ಭಯವಿಲ್ಲ," ಎಂದಳು.

ಹಡಗು ಹೋಯಿತು. ತಟ್ಟೆ ಬರುವುದಕ್ಕೆ ಮುಂಚೆಯೇ ಅಕ್ಕ ಹೋದಳು. ಕೊನೆಯ ದಿನಗಳಲ್ಲಿ ಅವಳಿಗೆ ಮಾತಾಡಲೂ ಉಸಿರಿರಲಿಲ್ಲ. ಗುಬ್ಬಿಯ ತಲೆ ಸವರುತ್ತ ತುಟಿ ಅಲುಗಿಸುತ್ತಿದ್ದಳು. ಮಗು ಬಗ್ಗಿ ಬಗ್ಗಿ ಕೇಳುತ್ತಿತ್ತು. ಕೊಟ್ಟವನು ತೆಗೆದುಕೊಂಡ. ಅವನನ್ನು ಯಾಕೆಂದು ಕೇಳುವ ಬಾಯಿ ಯಾರಿಗಿದೆ?

ತಟ್ಟೆ ಬಂದಾಗ ಭಾವ ಎಲ್ಲಿಂದಲೋ ಮುರುಕು ಗ್ರಾಮಫೋನೊಂದನ್ನು ತಂದು, ಪೆಟ್ಟಿಗೆಗೆ ಹೊಸ ಹಲಗೆ ಜೋಡಿಸಿದರು. ನೆರೆಹೊರೆಯವರು ಬಂದು ಕುಳಿತರು. ತಟ್ಟೆಯ ನಡುವಿನ ಕಾಗದದಲ್ಲಿ ಅಕ್ಕನ ಹೆಸರು ಹೊನ್ನಿನ ಅಕ್ಷರಗಳಲ್ಲಿತ್ತು. ಭಾವ ಸೂಜಿ ಇಳಿಸಿದರು.

ಮೊದಲ ಸಾಲಿನಲ್ಲಿ ಬರೀ ಸೂಜಿ ಕೆರೆಯುವ ಸದ್ದು. ಆಮೇಲೆ ಹಾಡು ಬಂತು. ತಂಗಿ ತಲೆಯೆತ್ತಿದಳು. ಅದು ಅವಳದೇ ದನಿ. ಅಲ್ಲಿಂದ ಕೊನೆಯವರೆಗೂ ಅವಳದೊಂದೇ.

"ಅಯ್ಯೋ, ಅವಳೇ ಬಂದು ಹಾಡಿದ ಹಾಗಿದೆ!" ಎಂದು ಪಕ್ಕದ ಮನೆಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕ್ಷೌರಿಕನೂ ತಲೆ ತಗ್ಗಿಸಿ ಕುಳಿತಿದ್ದ. ಕಾಗದದ ಮೇಲೆ ಹೆಸರು ಓದಿದವರ ಕಿವಿಗೆ ಬೇರೇನು ಕೇಳಿಸೀತು? ಗುಬ್ಬಿ ಓಡಿಹೋಗಿ ಗ್ರಾಮಫೋನಿನ ಬಾಯಿಗೆ ಕೆನ್ನೆ ಒತ್ತಿಕೊಂಡಳು.

ಎಲ್ಲರೂ ಎದ್ದುಹೋದ ಮೇಲೆ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು, "ಭಾವ, ಅದರಲ್ಲಿ ಅಕ್ಕ ಇಲ್ಲ."

ಭಾವ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದರು. "ಇದ್ದಾಳೆ. ನಿನ್ನ ದನಿಯ ಕೆಳಗಿದ್ದಾಳೆ. ಕಿವಿಗೊಟ್ಟು ಕೇಳು."

"ಕೇಳಿದೆ ಭಾವ."

"ಇನ್ನೊಂದು ಸಲ ಕೇಳು."

ಅವಳು ತಲೆಯನ್ನು ಗ್ರಾಮಫೋನಿನ ಬಾಯೊಳಗೆ ಇಟ್ಟು ಕೇಳಿದಳು. ಕೆರೆತದ ಸದ್ದು, ತನ್ನ ದನಿ, ಮತ್ತೆ ಕೆರೆತದ ಸದ್ದು. ತಲೆ ಎತ್ತಿದಾಗ ಭಾವ ಅವಳ ಮುಖವನ್ನೇ ನೋಡುತ್ತಿದ್ದರು. ಕೆಲಸ ಕೇಳಿಕೊಂಡು ಬಂದವರ ಕಣ್ಣಿನ ಹಾಗಿತ್ತು ಅವರ ಕಣ್ಣು.

"ಕೇಳಿಸಿತಾ?"

"ಹೂಂ," ಎಂದಳು ತಂಗಿ. ಅವರಿಗೆ ನಿಜವಾಗಿ ಕೇಳಿಸುತ್ತಿದೆಯೋ ಇಲ್ಲವೋ, ಅದನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಅಂದಿನಿಂದ ಗುಬ್ಬಿ ಆ ಹಾಡು ಕೇಳದೆ ಊಟಕ್ಕೆ ಕೂರುತ್ತಿರಲಿಲ್ಲ. ಒಮ್ಮೆ ಇಸ್ತ್ರಿ ಮಾಡುತ್ತ ತಂಗಿ ತನಗೆ ತಿಳಿಯದೆ ಒಂದು ಸಾಲು ಎತ್ತಿದಳು. ಮಗು ಗಕ್ಕನೆ ತಲೆಯೆತ್ತಿ ನೋಡಿತು. ತಂಗಿ ಬಾಯಿ ಮುಚ್ಚಿಕೊಂಡಳು. ಅಲ್ಲಿಗೆ ಇಸ್ತ್ರಿ ಅಂಗಡಿಯ ಹಾಡು ನಿಂತಿತು.

"ಏನು ತಾಯೀ, ಬೀದಿಯೇ ಸತ್ತ ಹಾಗಿದೆಯಲ್ಲ!" ಎಂದು ಕ್ಷೌರಿಕ ಕೂಗಿದ.

"ಗಂಟಲು ಸರಿಯಿಲ್ಲಣ್ಣ."

ಹೀಗೆಯೇ ಅಕ್ಕ ಹೋಗಿ ವರ್ಷ ತುಂಬಿತು. ಪ್ರಾರ್ಥನೆಯ ಮನೆಯಲ್ಲಿ ಅಕ್ಕನ ನೆನಪಿಗೆ ಅವಳ ಹಾಡನ್ನು ಹಾಡಬೇಕೆಂದು ಹಿರಿಯರು ತಂಗಿಯನ್ನೇ ಕೇಳಿದರು. ಎಷ್ಟು ನೆಪ ಹೇಳಿದರೂ ಅವರು ಬಿಡಲಿಲ್ಲ. ದೇವರ ಮುಂದೆ ಗಂಟಲಿನ ಸುಳ್ಳು ಹೇಳುವುದೂ ಅವಳಿಂದಾಗಲಿಲ್ಲ.

ಎದ್ದು ನಿಂತಳು. ಮುಂದಿನ ಬೆಂಚಿನಲ್ಲಿ ಭಾವನ ಪಕ್ಕ ಗುಬ್ಬಿ ಕಾಲು ತೂಗಾಡಿಸುತ್ತ ಕುಳಿತಿದ್ದಳು. ತನ್ನ ದನಿಯಲ್ಲಿ ಹಾಡಿದರೆ ತಟ್ಟೆಯಲ್ಲಿರುವುದು ಯಾರೆಂದು ಮಗುವಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ತಂಗಿ ದನಿಯನ್ನು ಹಿಡಿದು, ತಗ್ಗಿಸಿ, ಸಣ್ಣಗೆ ಮಾಡಿ, ಅಕ್ಕ ಹಾಡುತ್ತಿದ್ದ ಹಾಗೆಯೇ ಹಾಡಿದಳು. ಜೀವಮಾನವಿಡೀ ಪಕ್ಕದಲ್ಲಿ ನಿಂತು ಕೇಳಿದ್ದಲ್ಲವೇ? ಎಲ್ಲಿ ಉಸಿರು ತೆಗೆಯುತ್ತಿದ್ದಳು, ಎಲ್ಲಿ ಮಾತನ್ನು ಮೆಲ್ಲನೆ ಕೈಬಿಡುತ್ತಿದ್ದಳು, ಎಲ್ಲವೂ ಬಂತು. ಕಡೆಯ ಬೆಂಚಿನ ಮುದುಕರು ಕಿವಿಗೆ ಕೈ ಆನಿಸಿದರು. ಭಾವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

ಗುಬ್ಬಿ ಬೆಂಚಿನಿಂದ ಇಳಿದು ಬಂದು ಅವಳ ಸೆರಗು ಜಗ್ಗಿದಳು.

"ಚಿಕ್ಕಮ್ಮ, ಇದು ಅಮ್ಮನ ಹಾಡು. ಹೀಗಲ್ಲ. ಅಮ್ಮನ ಹಾಗೆ ಜೋರಾಗಿ ಹಾಡು."

ತಂಗಿ ಮಗುವಿನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಜನ ಕಾಯುತ್ತಿದ್ದರು. ಇನ್ನೂ ಎರಡು ಸಾಲು ಉಳಿದಿದ್ದವು. ಅವುಗಳನ್ನು ಯಾವ ದನಿಯಲ್ಲಿ ಹಾಡಬೇಕೋ ಅವಳಿಗೆ ತಿಳಿಯಲಿಲ್ಲ. ತುಟಿಯನ್ನಷ್ಟೇ ಅಲುಗಿಸುತ್ತ ಅವಳು ನಿಂತೇ ಇದ್ದಳು.