ಚಕ್ರದ ಮೇಲಿನ ಮೂರನೆಯ ಗೆರೆ

ಬಡವನಹಳ್ಳಿಯಲ್ಲಿ ಆಗ ಕಾರು ಎಂದರೆ ರೇಣುಕಯ್ಯನ ಕಾರೊಂದೇ. ಕಡಲೆಕಾಯಿ ವ್ಯಾಪಾರ ಕೈಹಿಡಿದ ವರ್ಷ ಬೆಂಗಳೂರಿನಿಂದ ತಂದ ಹಳೆಯ ಗಾಡಿ ಅದು. ಮೈಯೆಲ್ಲ ಕಪ್ಪು, ಚಕ್ರದ ರಿಮ್ಮುಗಳು ಮಾತ್ರ ಕೆನೆ ಬಣ್ಣ. ಆ ಕೆನೆ ಬಣ್ಣ ಮಾಸದಂತೆ ನೋಡಿಕೊಳ್ಳುವುದು ಅವನಿಗೊಂದು ವ್ರತವಾಗಿತ್ತು. ಸಂತೆಯ ದಿನ ಯಾವನಾದರೂ ಸುಮ್ಮನೆ ಚಕ್ರದ ಮೇಲೆ ಕಾಲಿಟ್ಟು ನಿಂತರೆ ಸಾಕು, ಗಿರಾಕಿಯನ್ನು ಅಲ್ಲೇ ಬಿಟ್ಟು ಅಂಗಡಿಯಿಂದ ಓಡಿ ಬರುತ್ತಿದ್ದ. ಹೆಂಡತಿ ಉಟ್ಟ ಸೀರೆ ಯಾವ ಬಣ್ಣದ್ದೆಂದು ಕೇಳಿದರೆ ತಡವರಿಸುವ ಮನುಷ್ಯ, ಯಾವ ಚಕ್ರದಲ್ಲಿ ಎಲ್ಲಿ ಚಕ್ಕೆ ಎದ್ದಿದೆಯೆಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ.

ಇಂದ್ರಮ್ಮ ಅವನ ಎರಡನೆಯ ಹೆಂಡತಿ. ಕೊರಟಗೆರೆ ಕಡೆಯವಳು, ತಾಯಿಯಿಲ್ಲದ ಹುಡುಗಿ. ಮೊದಲನೆಯವಳು ಸಿದ್ದಗಂಗಮ್ಮ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ ಎಂದಷ್ಟೇ ಮದುವೆಗೆ ಮುಂಚೆ ತಿಳಿಸಿದ್ದರು. ಅದಕ್ಕಿಂತ ಹೆಚ್ಚಾಗಿ ಆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಗೆರೆಗಳನ್ನು ಮೊದಲು ಕಂಡವಳು ಇಂದ್ರಮ್ಮನೇ. ಮದುವೆಯಾದ ಮೊದಲ ಮಳೆಗಾಲ. ಅಂಗಳ ಗುಡಿಸುತ್ತಾ ಹೊಂಗೆಮರದ ಕೆಳಗೆ ನಿಂತಿದ್ದ ಕಾರಿನ ಹತ್ತಿರ ಬಂದಳು. ಮುಂದಿನ ಚಕ್ರದ ರಿಮ್ಮಿನ ಮೇಲೆ ಬಣ್ಣ ಉಬ್ಬಿ, ಸುಲಿದು, ಮೂರು ಬಿಳಿ ಗೆರೆಗಳು ಎದ್ದಿದ್ದವು. ಹಣೆಗೆ ವಿಭೂತಿ ಎಳೆದ ಹಾಗೆ ಒಂದರ ಕೆಳಗೊಂದು. ಮೂರನೆಯದು ಮಾತ್ರ ಅರ್ಧಕ್ಕೇ ನಿಂತಿತ್ತು. ಸುತ್ತು ಹಾಕಿ ನೋಡಿದಳು. ನಾಲ್ಕೂ ಚಕ್ರಗಳಲ್ಲಿ ಹಾಗೆಯೇ ಇತ್ತು.

ಅತ್ತೆ ಚನ್ನಮಲ್ಲಮ್ಮನನ್ನು ಕರೆದು ತೋರಿಸಿದಳು. ಮುದುಕಿಯ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು.

"ಅವಳ ಉಂಗುರದ ಬೆರಳು ಸೆಟೆದ್ಕೊಂಡಿತ್ತು ಕಣಮ್ಮ. ಚಿಕ್ಕೋಳಿದ್ದಾಗ ಕುಡುಗೋಲಲ್ಲಿ ಕುಯ್ಕೊಂಡಿದ್ಲಂತೆ. ಈಬೂತಿ ಎಳೆಯೋವಾಗ ಆ ಬೆರಳು ಅರ್ಧಕ್ಕೇ ಎದ್ಬುಡದು. ಇಂಗೇ, ನೋಡು, ಇಂಗೇ ನಿಂತೋಗದು," ಎಂದಳು. ಕಾರು ಹೊರಡುವ ಮುಂಚೆ ನಾಲ್ಕೂ ಚಕ್ರಕ್ಕೆ ವಿಭೂತಿ ಎಳೆಯುವುದು ಸಿದ್ದಗಂಗಮ್ಮನ ಪದ್ಧತಿಯಾಗಿತ್ತಂತೆ. ಅಷ್ಟು ಹೇಳಿ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ರೇಣುಕಯ್ಯ ನೋಡಿದ. ಮುಖ ಬಿಳುಚಿಕೊಂಡಿತು. ಮಾರನೆಯ ದಿನವೇ ತುಮಕೂರಿಗೆ ಹೋಗಿ ಬಣ್ಣದ ಡಬ್ಬಿ ತಂದು ತಾನೇ ಕೂತು ಬಳಿದ. ಬಣ್ಣದ ಜೊತೆ ಬ್ರಷ್ಷಿನ ಕೂದಲೂ ಅಂಟಿದವು, ಎರಡು ನೊಣಗಳೂ ಅಂಟಿದವು. ಆದರೂ ಗೆರೆ ಮುಚ್ಚಿತು. ಮುಂದಿನ ಮಳೆಗೆ ಮತ್ತೆ ಎದ್ದಿತು. ಇನ್ನೂ ದಪ್ಪಗೆ ಬಳಿದ. ಮತ್ತೆ ಎದ್ದಿತು. ಅಷ್ಟರಲ್ಲಿ ಇಂದ್ರಮ್ಮ ಬಸುರಿಯಾಗಿದ್ದಳು.

ಮೊದಮೊದಲು ಅವಳು ಧೈರ್ಯ ತಂದುಕೊಂಡಳು. ಹೊಟ್ಟೆ ಮುಂದಕ್ಕೆ ಬಂದಂತೆ ಆ ಧೈರ್ಯ ಹಿಂದಕ್ಕೆ ಸರಿಯಿತು. ನಡುಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ ತಲೆಯೆತ್ತಿದರೆ, ಬಾಗಿಲಿಗೆ ಮುಖ ಮಾಡಿಕೊಂಡು ಹೊಂಗೆಯ ನೆರಳಲ್ಲಿ ಯಾರೋ ಹೆಂಗಸು ಕೂತಂತೆ ಕಾಣುತ್ತಿತ್ತು. ದಿಟ್ಟಿಸಿದರೆ ಚಕ್ರ. ಕಣ್ಣು ತಪ್ಪಿಸಿದರೆ ಮತ್ತೆ ಹಣೆ. ಗಾಳಿಯಿಲ್ಲದ ಹೊತ್ತಿನಲ್ಲೂ ಆ ಕಡೆಯಿಂದ ಹಸಿ ವಿಭೂತಿಯ ವಾಸನೆ ಬರುತ್ತಿತ್ತು. ಅಂಗಳಕ್ಕೆ ಹೋಗಬೇಕಾದರೆ ಹಿತ್ತಿಲ ಬಾಗಿಲಿನಿಂದ ಸುತ್ತು ಹೊಡೆದು ಹೋಗುತ್ತಿದ್ದಳು. ಹೆರಿಗೆಯಲ್ಲಿ ಸತ್ತವಳು ಈಗ ತನ್ನ ಹೆರಿಗೆಯ ದಿನಕ್ಕೆ ಕಾಯುತ್ತಾ ಕೂತಿದ್ದಾಳೆ ಎಂಬುದು ಅವಳಿಗೆ ಖಚಿತವಾಗಿ ಹೋಯಿತು.

"ಅದನ್ನ ಬುಡಸಮೇತ ಕೆರೆಸಿ ಹಾಕಿ," ಎಂದು ಒಂದು ದಿನ ಗಂಡನ ಮುಂದೆ ಅತ್ತಳು. "ಇಲ್ಲಾಂದ್ರೆ ನಾನೂ ಉಳಿಯಾಕಿಲ್ಲ, ಕೂಸೂ ಉಳಿಯಾಕಿಲ್ಲ."

ರೇಣುಕಯ್ಯ ಶಿರಾಕ್ಕೆ ಹೇಳಿಕಳಿಸಿದ. ಆಯುಧಪೂಜೆ ಹತ್ತಿರ ಬರುತ್ತಿತ್ತು, ಅವನಿಗೂ ಚಕ್ರ ಹೊಳೆಯಬೇಕಿತ್ತು.

ಶಿರಾದಿಂದ ಬಂದವನು ಅಹಮದ್ ಷರೀಫ್. ಜಟಕಾಗಳಿಗೆ, ಬಸ್ಸುಗಳಿಗೆ ಬಣ್ಣ ಹಾಕುವವನು. ಗಡ್ಡ ನರೆತಿತ್ತು, ಉಗುರುಗಳಲ್ಲಿ ಹತ್ತು ಬಣ್ಣ. ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತವನು ಆ ಗೆರೆಗಳನ್ನು ನೋಡುತ್ತಾ ಬಹಳ ಹೊತ್ತು ಪೆಟ್ಟಿಗೆಯನ್ನೇ ತೆರೆಯಲಿಲ್ಲ. ಆಮೇಲೆ ಒಂದು ಚಕ್ಕೆ ಎಬ್ಬಿಸಿ, "ಅಮ್ಮಾ, ಒಂಚೂರು ಅರಿಶಿನ ಕೊಡ್ತೀರಾ?" ಎಂದು ಕೇಳಿದ.

ಇಂದ್ರಮ್ಮ ತಂದುಕೊಟ್ಟಳು. ಅವನು ಅರಿಶಿನವನ್ನು ನೀರಲ್ಲಿ ಕಲಸಿ ಚಕ್ಕೆಯ ಒಳಮೈಗೆ ತಿಕ್ಕಿದ. ಅದು ನೋಡನೋಡುತ್ತಲೇ ಕೆಂಪಾಯಿತು. ಇಂದ್ರಮ್ಮ ಚೀರಿ ಕಂಬ ಹಿಡಿದುಕೊಂಡಳು.

"ರಕ್ತ ಅಲ್ಲ ತಾಯಿ, ಸುಣ್ಣ. ಈಬೂತಿಗೆ ಸುಣ್ಣ ಕಲಸವ್ರೆ. ಸುಣ್ಣದ ಮೇಲೆ ಎಣ್ಣೆ ಬಣ್ಣ ನಿಲ್ಲಲ್ಲ, ಎಷ್ಟು ಸಲ ಬಳಿದ್ರೂ ಎದ್ದೇಳ್ತದೆ. ಕಬ್ಬಿಣ ಕಾಣೋಗಂಟ ಕೆರೀಬೇಕು."

"ಸುಣ್ಣ ಯಾಕೆ ಕಲಸ್ತಿದ್ರು ಸಾಬ್ರೆ?"

"ಮೊದಲಿದ್ರಲ್ಲ, ಆ ತಾಯೀನೇ ಆಗ ನಂಗೆ ಹೇಳಿದ್ರು. ಬರೀ ಈಬೂತಿ ದಾರೀಲೇ ಉದುರೋಗ್ತದೆ ಸಾಬ್ರೆ, ಅವರು ಮನೆಗೆ ವಾಪಸ್ ಬರೋಗಂಟ ಇರ್ಲಿ ಅಂತ."

ಇಂದ್ರಮ್ಮ ಕಂಬ ಬಿಟ್ಟು ಚಕ್ರದ ಹತ್ತಿರ ಬಂದಳು. ಇಷ್ಟು ದಿನ ತಾನು ನಡುಗಿದ್ದು ಇದಕ್ಕೆ.

ಷರೀಫ್ ಟೈರು ಕಳಚಿ, ಬಣ್ಣ ಸಡಿಲವಾಗಲೆಂದು ಸೋಡಾ ಹಚ್ಚಿ, ಗಾಜಿನ ಚೂರಿನಿಂದ ಕೆರೆಯತೊಡಗಿದ. ರೇಣುಕಯ್ಯ ಬಳಿದ ಎರಡು ಪದರ ನೊಣಗಳ ಸಮೇತ ಹೋದವು. ಅದರ ಕೆಳಗೆ ನುಣುಪಾದ ಇನ್ನೊಂದು ಕೆನೆ ಪದರ ಬಂತು. ಅಲ್ಲಿ ಅವನ ಕೈ ನಿಂತಿತು.

"ಇದು ನಂದೇ ಕೈ," ಎಂದ. ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದ. "ಆ ತಾಯಿ ಹೋದ ದಿನ ಇದನ್ನ ಬಳಿದೋನು ನಾನೇ ಅಮ್ಮ. ಇದೇ ಮರದ ಕೆಳಗೆ. ಮಾರನೇ ದಿನ ಶಿರಾದಲ್ಲಿ ದೊಡ್ಡೋರ ಮನೆ ಮದುವೆ, ಮದುಮಗನ ಮೆರವಣಿಗೆಗೆ ಕಾರು ಕೊಡ್ತೀನಿ ಅಂತ ಯಜಮಾನ್ರು ಮಾತು ಕೊಟ್ಟಿದ್ರು. ಅವಸರ. ಹಳೇ ಗೆರೆ ಒರೆಸಿ, ಸರಿಯಾಗಿ ತೊಳೀದೆ ಮೇಲೇ ಬಳಿದೆ. ಬಣ್ಣ ಹಸಿ ಇತ್ತು. ಒಳಗೆ ಆ ತಾಯಿ ನೋವು ತಿಂತಾವ್ರೆ. ನಿಮ್ಮತ್ತೆ ಅಜ್ಜಮ್ಮ ಆಚೆ ಬಂದು, ಕಾರಲ್ಲಿ ಮಧುಗಿರಿ ಆಸ್ಪತ್ರೆಗೆ ಕರ್ಕೊಂಡೋಗಪ್ಪ ಅಂದ್ರು. ಯಜಮಾನ್ರು ಚಕ್ರ ನೋಡಿದ್ರು. ಈಗ ಧೂಳು ಕೂತ್ರೆ ಮತ್ತೆ ಏಳಲ್ಲ ಅಲ್ವಾ ಸಾಬ್ರೆ, ಅಂತ ನನ್ನ ಕೇಳಿದ್ರು."

"ನೀವೇನಂದ್ರಿ?"

"ಏಳಲ್ಲ ಅಂದೆ. ಇದ್ದದ್ದನ್ನೇ ಅಂದೆ." ಷರೀಫ್ ಗಾಜಿನ ಚೂರನ್ನು ಲುಂಗಿಗೆ ಒರೆಸಿಕೊಂಡ. "ಎತ್ತಿನ ಗಾಡಿ ಕಟ್ಟಿಸಿದ್ರು. ಹತ್ತೋಕ್ ಮುಂಚೆ ಆ ತಾಯಿ ಈ ಚಕ್ರಾನೇ ನೋಡಿದ್ರು. ಅರ್ಧ ದಾರಿಯಿಂದ್ಲೇ ಗಾಡಿ ವಾಪಸ್ ಬಂತು."

ಆವತ್ತು ಊಟಕ್ಕೆ ಕೂತಾಗ ರೇಣುಕಯ್ಯ ತನ್ನ ತಟ್ಟೆಯ ಬೆಣ್ಣೆಯನ್ನೂ ಹೆಂಡತಿಯ ಮುದ್ದೆಯ ಮೇಲೆ ಹಾಕಿದ. "ತಿನ್ನು, ಇಬ್ಬರಿಗಾಗಿ ತಿನ್ನಬೇಕು ನೀನು. ಹಬ್ಬಕ್ಕೆ ಚಕ್ರ ಕನ್ನಡಿ ಆಗೋಯ್ತವೆ ನೋಡ್ತಿರು," ಎಂದು ನಕ್ಕ. ಕೆಟ್ಟವನಲ್ಲ ಅವನು, ಬಾಯಲ್ಲಿ ಒಂದು ಬಿರುಸು ಮಾತೂ ಬಂದದ್ದಿಲ್ಲ. ಅದನ್ನು ನೆನೆದೇ ಇಂದ್ರಮ್ಮನಿಗೆ ಮೈ ಜುಮ್ಮೆಂದಿತು. ಹೊಂಗೆಯ ಕೆಳಗೆ ಕೂತವಳಿಗೆ ಹೆದರಿ, ಇಷ್ಟು ದಿನ ಇವನ ಪಕ್ಕಕ್ಕೆ ಸರಿದು ಮಲಗುತ್ತಿದ್ದಳು. ಹೊಟ್ಟೆಯೊಳಗೆ ಕೂಸು ಹೊರಳಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಷರೀಫ್ ಕೆಲಸ ಮುಂದುವರಿಸಿದ. ನಾಲ್ಕೂ ರಿಮ್ಮುಗಳನ್ನು ಕಬ್ಬಿಣ ಥಳಥಳಿಸುವವರೆಗೆ ಕೆರೆದು, ಹುಣಸೆನೀರಲ್ಲಿ ತೊಳೆದು, ತುಕ್ಕು ತಡೆಯುವ ಕೆಂಪು ಬಣ್ಣ ಹಚ್ಚಿ ಒಣಗಿಸಿದ. ಕೊನೆಯ ಬಣ್ಣಕ್ಕೆ ಮುಂಚೆ ಟೈರು ಏರಿಸಿ, ಅದಕ್ಕೆ ಬಣ್ಣ ಹತ್ತದಂತೆ ಜೇಡಿಮಣ್ಣು ಮೆತ್ತಿ, ಚಕ್ರಗಳನ್ನು ಮರಕ್ಕೆ ಒರಗಿಸಿಟ್ಟು ನಮಾಜಿಗೆ ಹೋದ. ಕಾರು ಕಲ್ಲುಗಳ ಮೇಲೆ ಕಾಲಿಲ್ಲದೆ ಕೂತಿತ್ತು.

ಇಂದ್ರಮ್ಮ ಆಗ ಹೊರಗೆ ಬಂದಳು, ಮುಂಬಾಗಿಲಿನಿಂದಲೇ. ಕೈಯಲ್ಲಿ ವಿಭೂತಿಗೆ ಸುಣ್ಣ ಕಲಸಿದ ಬಟ್ಟಲು. ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಆ ಹೆಂಗಸನ್ನು ಈ ಮನೆಯಿಂದ ತಾನೇ ಕೆರೆಸಿ ಹಾಕಿದೆನಲ್ಲ ಎಂಬ ಸಂಕಟ ಮಾತ್ರ ತಡೆಯಲಾಗುತ್ತಿರಲಿಲ್ಲ. ಕಷ್ಟಪಟ್ಟು ಕೂತು ಮೊದಲ ಚಕ್ರದ ಮೇಲೆ ಮೂರು ಬೆರಳಿಟ್ಟು ಎಳೆದಳು. ಎರಡನೆಯದು, ಮೂರನೆಯದು. ನಾಲ್ಕನೆಯದರ ಕಡೆ ತೆವಳುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಅದನ್ನು ಮುಟ್ಟದೆ, ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋಗಿ ಮಲಗಿದಳು.

ಷರೀಫ್ ತಿರುಗಿ ಬಂದು ಗೆರೆಗಳನ್ನು ಕಂಡ. ಮನೆಯ ಕಡೆ ನೋಡಿದ. ಬ್ರಷ್ಷನ್ನು ಅದ್ದಿ ಅವುಗಳ ಮೇಲೆಯೇ ಬಳಿದ.

ಚಕ್ರಗಳು ಹಸಿಯಾಗಿ ಹೊಳೆಯುತ್ತಿದ್ದಾಗಲೇ ಒಳಗಿನಿಂದ ಇಂದ್ರಮ್ಮನ ನರಳಾಟ ಕೇಳಿಸಿತು. ಇನ್ನೂ ದಿನವಿತ್ತು, ಯಾರೂ ಎಣಿಸಿರಲಿಲ್ಲ. ಚನ್ನಮಲ್ಲಮ್ಮ ಹೊಟ್ಟೆ ಮುಟ್ಟಿ ನೋಡಿ ಅಂಗಳಕ್ಕೆ ಓಡಿ ಬಂದಳು. "ಕೂಸು ಅಡ್ಡ ತಿರುಗೈತೆ ಕಣ್ಲಾ ರೇಣುಕಾ! ನನ್ನ ಕೈಲಾಗಾಕಿಲ್ಲ, ಮಧುಗಿರಿಗೆ ಕರ್ಕೊಂಡೋಗು!"

ರೇಣುಕಯ್ಯ ಚಕ್ರಗಳ ಮುಂದೆ ನಿಂತ. ಕೆನೆಯ ಮೇಲೆ ಹೊಂಗೆ ಎಲೆಗಳ ನೆರಳು ಒಂದೊಂದಾಗಿ ಕಾಣುವಷ್ಟು ನುಣುಪಾಗಿದ್ದವು. ಅವನ ಕೈ ಮುಂದೆ ಹೋಯಿತು, ಹಿಂದೆ ಬಂತು. ಮೆಲ್ಲಗೆ ಷರೀಫನ ಕಡೆ ತಿರುಗಿದ.

"ಈ ಸಲ ನನ್ನ ಕೇಳ್ಬೇಡಿ ಯಜಮಾನ್ರೆ," ಎಂದ ಷರೀಫ್.

ಇಂದ್ರಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಳು. ಮುಖವೆಲ್ಲ ಬೆವರು. ಗಂಡನ ಬೆನ್ನು ನೋಡಿದಳು, ಆ ಬೆನ್ನಿನಾಚೆ ಚಕ್ರಗಳನ್ನು ನೋಡಿದಳು.

"ಗಾಡಿ ಕಟ್ಟಿಸ್ತೀರಾ?" ಎಂದು ಕೇಳಿದಳು.

ರೇಣುಕಯ್ಯ ತಿರುಗಿದ. ಆ ಮಾತು ಅವಳಿಗೆ ಯಾರು ಹೇಳಿದರೆಂದು ಅವನು ಕೇಳಲಿಲ್ಲ. ಬಾಗಿಲಲ್ಲಿ ಅವನಿಗೆ ಕಂಡದ್ದು ಒಬ್ಬಳೋ ಇಬ್ಬರೋ, ಕೊನೆಯವರೆಗೂ ಅವನು ಹೇಳಲಿಲ್ಲ. "ಇಲ್ಲ, ಇಲ್ಲ," ಎನ್ನುತ್ತಾ ಹೋಗಿ ಹಸಿ ಚಕ್ರವನ್ನು ಕೂಸಿನಂತೆ ಎದೆಗವಚಿಕೊಂಡ. ಬಿಳಿ ಅಂಗಿಯೆಲ್ಲ ಕೆನೆ ಬಣ್ಣವಾಯಿತು. ಬೆರಳುಗಳು ಜಾರಿದವು, ನಟ್ಟುಗಳು ಮಣ್ಣಿಗೆ ಬಿದ್ದವು, ಷರೀಫ್ ಹೆಕ್ಕಿ ಹೆಕ್ಕಿ ಕೊಟ್ಟ. ನಾಲ್ಕನ್ನೂ ಬಿಗಿದು ಮುಗಿಸುವ ಹೊತ್ತಿಗೆ ರೇಣುಕಯ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಮಧುಗಿರಿ ರಸ್ತೆಯ ಧೂಳೆಲ್ಲ ಆ ಚಕ್ರಗಳಿಗೆ ಅಂಟಿತು. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟ ಇಂದ್ರಮ್ಮನಿಗೆ ಕಾರಿನ ಸದ್ದಿನೊಳಗೆ ಎತ್ತಿನ ಗೆಜ್ಜೆಯ ಸದ್ದೂ ಕೇಳಿಸುತ್ತಿತ್ತು. ಅರ್ಧ ದಾರಿಯಲ್ಲಿ ಅದು ನಿಂತುಹೋಯಿತು, ಕಾರು ಮುಂದಕ್ಕೆ ಹೋಯಿತು. ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿ ಅತ್ತಿತು.

ಷರೀಫ್ ಹೇಳಿದ್ದು ನಿಜವಾಗಿತ್ತು. ಕೂತ ಧೂಳು ಏಳಲಿಲ್ಲ. ರಿಮ್ಮುಗಳು ಬೀಸುವ ಕಲ್ಲಿನಂತೆ ತರಿತರಿಯಾಗಿಯೇ ಉಳಿದವು. ಇದೇನು ರೇಣುಕಯ್ಯನೋರೆ, ಚಕ್ರಕ್ಕೆ ರಾಗಿಹಿಟ್ಟು ಮೆತ್ತಿದ್ದೀರಾ, ಎಂದು ಸಂತೆಯವರು ನಕ್ಕರೂ ಅವನು ಬಣ್ಣದ ಮಾತೆತ್ತಲಿಲ್ಲ.

ಮುಂದಿನ ಮಳೆಗಾಲದಲ್ಲಿ ಗೆರೆಗಳು ಎದ್ದವು. ಮುಂದಿನ ಚಕ್ರದಲ್ಲಿ ಕಂಡವನೇ ರೇಣುಕಯ್ಯ ಅಂಗಳದಲ್ಲೇ ಕುಸಿದು ಕೂತ. "ಮತ್ತೆ ಬಂದವ್ಳೆ," ಎಂದ. ಅದು ನನ್ನ ಕೈಯೆಂದು ಇಂದ್ರಮ್ಮ ಹೇಳಬಹುದಿತ್ತು. ಹೇಳಲಿಲ್ಲ. ಅವನು ದಿನಾ ನೋಡಲಿ ಎನಿಸಿತು.

ಅವನು ಅಂಗಡಿಗೆ ಹೋದ ಮೇಲೆ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಕಾರಿನ ಸುತ್ತ ನಡೆದಳು. ಮೊದಲ ಚಕ್ರದಲ್ಲಿ ತನ್ನ ಬೆರಳಿನ ಮೂರು ಪೂರ್ತಿ ಗೆರೆ. ಎರಡನೆಯದರಲ್ಲೂ, ಮೂರನೆಯದರಲ್ಲೂ ಹಾಗೆಯೇ. ಸಣ್ಣಗೆ ನಗು ಬಂತು. ನಾಲ್ಕನೆಯದು ಗೋಡೆಯ ಮಗ್ಗುಲಿಗಿತ್ತು, ತಾನು ಮುಟ್ಟದೆ ಬಿಟ್ಟದ್ದು. ಬಗ್ಗಿ ನೋಡಿದಳು.

ಅಲ್ಲೂ ಮೂರು ಗೆರೆಗಳಿದ್ದವು. ಮೂರನೆಯದು ಅರ್ಧಕ್ಕೇ ನಿಂತಿತ್ತು.

ಕಬ್ಬಿಣ ಥಳಥಳಿಸುವವರೆಗೆ ಷರೀಫ್ ಕೆರೆದದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಆದರೂ ಕಾಲು ಹಿಂದೆ ಸರಿಯಲಿಲ್ಲ. ಕೂಸು ಕೈ ಚಾಚಿತು. ಇಂದ್ರಮ್ಮ ಅದನ್ನು ಇನ್ನಷ್ಟು ಹತ್ತಿರಕ್ಕೆ ಬಗ್ಗಿಸಿ ಮುಟ್ಟಗೊಟ್ಟಳು.

"ಇರು ಅಕ್ಕ, ಹೋಗ್ಬೇಡ," ಎಂದಳು. "ಇವರನ್ನ ನಂಬ್ಕೊಂಡು ನಾನೊಬ್ಬಳೇ ಇರಾಕಾಗಲ್ಲ."