ಇದ್ದಲ ಬಣ್ಣಕ್ಕೆ ಒಂದು ಹಿಡಿ ಸುಣ್ಣ

ಇಪ್ಪತ್ತು ವರ್ಷ ಮುಂಬಯಿಯ ಗೋಡೆಗಳಿಗೆ ಬಣ್ಣ ಬಳಿದ ಶೆಟ್ಟೆಪ್ಪ, ಆ ಇಪ್ಪತ್ತು ವರ್ಷದಲ್ಲಿ ಏಳು ಕಂತ್ರಾಟುದಾರರ ಜೊತೆ ಜಗಳಾಡಿ ಕೆಲಸ ಬಿಟ್ಟಿದ್ದ. ಎಂಟನೆಯವನು ಸಿಗಲಿಲ್ಲ. ಹಾಗಾಗಿ ಎಪ್ಪತ್ತನಾಲ್ಕನೇ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ಅವನೇ ಕಂತ್ರಾಟುದಾರನಾದ.

ಕೆಲಸ ಕೊಡಿಸಿದವನು ದಾದರಿನ ಬಣ್ಣದ ಅಂಗಡಿಯ ಮೋನಪ್ಪ. ಘಾಟ್ಕೋಪರಿನ ಒಂದು ಸೊಸೈಟಿಯ ಸೆಕ್ರೆಟರಿ ದೇವಧರ್ ಅವನ ಹಳೆಯ ಗಿರಾಕಿ. "ಬಾಯಿ ಕೆಟ್ಟದು, ಕೈ ಬಂಗಾರ" ಅಂತ ಮೋನಪ್ಪ ಶಿಫಾರಸು ಮಾಡಿದ. ದೇವಧರ್ ಒಂದೇ ಮಾತು ಹೇಳಿದ: ಎರಡನೇ ಮಾಳಿಗೆಯ ಸಿದ್ದರಾಮಪ್ಪನವರ ಮನೆ ಮೊದಲು ಮಾಡಿ ತೋರಿಸು, ಮನಸ್ಸಿಗೆ ಬಂದರೆ ಮೂವತ್ತೆರಡು ಮನೆಯ ಇಡೀ ಬಿಲ್ಡಿಂಗ್ ನಿನ್ನದು. ವರ್ಷದ ಅನ್ನ, ಮೇಲೆ ಯಾರ ಹುಕುಮೂ ಇಲ್ಲ. ಶೆಟ್ಟೆಪ್ಪ ಅವತ್ತು ಜೋಗೇಶ್ವರಿಯ ಚಾಳಿನ ಮನೆಗೆ ಹೋಗಿ ಹೆಂಡತಿಯ ಮೇಲೆ ಒಂದು ಸಲವೂ ರೇಗಲಿಲ್ಲ.

ಸಿದ್ದರಾಮಪ್ಪ ಧಾರವಾಡದ ಕಡೆಯವರು. ಮಿಲ್ಲಿನಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾದವರು. ಮನೆಯೊಳಗೂ ದಪ್ಪ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದರು. ಕಾಗದದಲ್ಲಿ ಸುತ್ತಿಟ್ಟ ಒಂದು ಇದ್ದಲ ಚೂರು ತೆಗೆದು ಮೇಜಿನ ಮೇಲಿಟ್ಟರು.

"ಈ ಬಣ್ಣ. ಗ್ವಾಡಿಗೆ, ಮ್ಯಾಲಿನ ಛತ್ತಿಗೆ, ಬಾಗಲಕ್ಕ, ಎಲ್ಲಾಕ್ಕೂ. ಅಡಗಿಮನಿ ಸೈತ ಬಿಡಬ್ಯಾಡ."

"ಸಾಹೇಬ್ರ, ಮನಿಗೆ ಬಣ್ಣಾ ಹಚ್ಚೂದೋ, ಮನಿ ಸುಟ್ಟಂಗ ಮಾಡೂದೋ?"

"ಹಚ್ಚಲಿಕ್ಕೆ ಬರೂದಿಲ್ಲಂದ್ರ ಹೇಳಿಬಿಡು. ಬರೂವರು ಇದ್ದಾರ."

ಬರುವುದಿಲ್ಲ ಎಂಬ ಮಾತನ್ನು ಶೆಟ್ಟೆಪ್ಪ ಯಾರಿಂದಲೂ ಕೇಳಿಸಿಕೊಂಡವನಲ್ಲ. "ನಾಳೆ ಬರ್ತೀನ್ರಿ" ಎಂದು ಎದ್ದುಬಿಟ್ಟ. ಕರಿ ಬಣ್ಣವೇ ಯಾಕೆ ಅಂತ ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರಳುವಾಗ ಲೋಕಲ್ ರೈಲಿನಲ್ಲಿ ಅವನ ಜೊತೆಗಾರ ನಿಂಗಣ್ಣ ನಕ್ಕ. "ಮುದಕಗ ಸಿನಿಮಾದವರ ಹುಚ್ಚು ಹಿಡದದ ಅಣ್ಣಾ. ಮನ್ಯಾಗ ಗಾಗಲ್, ಗ್ವಾಡಿಗೆ ಕಾಡಿಗಿ."

"ಅವನ ಗ್ವಾಡಿ, ಅವನ ಹುಚ್ಚು. ನೀ ಕೆರಿಯೂ ಕೆಲಸ ನೋಡು."

ಕೆರೆದು, ತಗ್ಗು ತುಂಬಲು ಲಾಂಬಿ ಹಾಕಿ, ಸಪಾಟು ಮಾಡಿ ಐದನೇ ದಿನ ಬಣ್ಣ ಕಲಸಲು ಕೂತಾಗ ಶೆಟ್ಟೆಪ್ಪನ ಕೈ ನಿಂತಿತು. ಇಂಡಿ ತಾಲೂಕಿನ ಅವನ ಹಳ್ಳಿಯಲ್ಲಿ ಈ ವಿದ್ಯೆ ಕಲಿಸಿದವನು ಅಣವೀರಪ್ಪ. ಗೋಡೆಯ ಬುಡಕ್ಕೆ ಕರಿ ಪಟ್ಟಿ ಎಳೆಯುವಾಗಲೂ ಅವನು ಆ ಮಸಿಗೆ ಒಂದು ಹಿಡಿ ಸುಣ್ಣ ಎಸೆಯುತ್ತಿದ್ದ. ಮುತ್ತೈದೆ ಬಾಳುವ ಮನೆಗೆ ಬರೀ ಕರಿ ಹಚ್ಚಬಾರದು, ಹಚ್ಚಿದ ಕೈಗೆ ಒಳ್ಳೆಯದಲ್ಲ ಎನ್ನುತ್ತಿದ್ದ. ಅಲ್ಲಿ ಅದು ನಡೆಯುತ್ತಿತ್ತು, ಯಾಕೆಂದರೆ ಅಲ್ಲಿಯ ಬಣ್ಣವೆಲ್ಲ ಸುಣ್ಣದ್ದೇ. ಇದು ಡಬ್ಬಿಯಿಂದ ಬಂದ ಡಿಸ್ಟೆಂಪರ್. ಎಣ್ಣೆ ಬೆರೆತದ್ದಕ್ಕೆ ಸುಣ್ಣ ಕೂಡಿಬರುವುದಿಲ್ಲ ಎಂಬುದು ಶೆಟ್ಟೆಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದು ಹಿಡಿಯಿಂದ ಏನಾಗುತ್ತದೆ ಅಂದುಕೊಂಡ. ನಿಂಗಣ್ಣ ಬೀಡಿ ಸೇದಲು ಕೆಳಗಿಳಿದಾಗ ಬಕೇಟಿಗೆ ಒಂದು ಹಿಡಿ ಹಾಕಿ ಕಟ್ಟಿಗೆಯಿಂದ ತಿರುವಿದ.

ತಲೆ ಎತ್ತಿದರೆ ಚಹಾದ ಬಸಿ ಹಿಡಿದು ಸಿದ್ದರಾಮಪ್ಪನವರ ಹೆಂಡತಿ ನೀಲಾಬಾಯಿ ನಿಂತಿದ್ದಳು. ಹಣೆಯ ಮೇಲೆ ಕಾಸಿನಗಲ ಕುಂಕುಮ. ಬಕೇಟು ನೋಡಿದಳು, ಗಂಡ ಮಲಗಿದ್ದ ಕೋಣೆಯ ಕಡೆ ನೋಡಿದಳು.

"ಇನ್ನೊಂದು ಹಿಡಿ ಹಾಕ್ರಿ," ಅಂದಳು ಮೆಲ್ಲಗೆ.

ಹಾಕಿದ.

ಬಣ್ಣ ಒಣಗಿದಾಗ ಶೆಟ್ಟೆಪ್ಪ ನಡುಮನೆಯಲ್ಲಿ ನಿಂತು ಸುತ್ತ ನೋಡಿದ. ಸ್ಮಶಾನದಂತೆ ಕಾಣುತ್ತದೆ ಎಂದು ತಿಳಿದಿದ್ದ, ಹಾಗೆ ಕಾಣಲಿಲ್ಲ. ಹದವಾದ ಎರೆ ಹೊಲದ ಬಣ್ಣ. ಹಿತ್ತಾಳೆ ಕೊಡ ಅದರ ಮುಂದೆ ಹೊಸದರಂತೆ ಹೊಳೆಯುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲು ನೆಲಕ್ಕೆ ಬಿದ್ದು ಅಲ್ಲೇ ಕೂತಿತು. "ಕೆಟ್ಟ ಏನೂ ಕಾಣೂದಿಲ್ಲಲೇ," ಎಂದ ನಿಂಗಣ್ಣನಿಗೆ. ಅವನ ಬಾಯಿಂದ ಅಷ್ಟು ಬರುವುದೇ ದೊಡ್ಡ ಮಾತು.

ಬಾಗಿಲುಗಳ ಕೆಲಸ ಉಳಿದಿತ್ತು. ಬಣ್ಣ ಒಣಗಿದ ನಾಲ್ಕನೇ ದಿನ ಬೆಳಿಗ್ಗೆ ಬಂದು ನೋಡಿದರೆ ಗೋಡೆಗೆ ಬಿಳಿ ಬಂದಿತ್ತು. ಹೊರಗೆ ರಾತ್ರಿ ಮಳೆ ಹೊಡೆದಿತ್ತು, ಗೋಡೆ ತಂಪು ಕುಡಿದು ಸುಣ್ಣ ಮೇಲೆ ಬಂದಿತ್ತು, ಯಾರೋ ಅಂಗೈತುಂಬ ವಿಭೂತಿ ಹಿಡಿದು ಉದ್ದಕ್ಕೂ ಒರೆಸಿಕೊಂಡು ಹೋದಂತೆ. ಶೆಟ್ಟೆಪ್ಪ ಹಸಿ ಬಟ್ಟೆ ತಂದು ಉಜ್ಜಿದ. ಹೋಯಿತು. ಆರಿತು, ಮತ್ತೆ ಬಂತು. ತಲೆಯ ಮೇಲಿನ ಛತ್ತಿಗಂತೂ ಬೂದಿ ಎರಚಿದ ಹಾಗೆ. ಹತ್ತು ಗಂಟೆಗೆ ದೇವಧರ್ ನೋಡಲು ಬರುವವನಿದ್ದ.

"ಸಾಹೇಬ್ರು ಎಲ್ಲದಾರ?" ಎಂದು ನೀಲಾಬಾಯಿಯನ್ನು ಕೇಳಿದ.

"ಮತ್ತ ಒಳಗ ಹೋಗಿ ಮಕ್ಕೊಂಡಾರ, ಮಾರಿ ಮ್ಯಾಲೆ ಟಾವೆಲ್ ಹಾಕ್ಕೊಂಡು." ಅವಳು ಸೆರಗಿನ ಚುಂಗನ್ನು ತಿರುವುತ್ತಾ ನಿಂತಳು. "ಕಣ್ಣಿನ ಪೊರಿ ತಗಿಸಿ ಎರಡು ವರ್ಷ ಆತು. ಆವಾಗಿಂದ ಬಿಳೀದು ಕಂಡ್ರ ಸೂಜಿ ಚುಚ್ಚಿದಂಗ ಆಗ್ತದಂತ. ಸುಣ್ಣದ ಗ್ವಾಡಿ ನೋಡಲಾರದ ಕತ್ತಲ ಕ್ವಾಣ್ಯಾಗ ದಿನಾ ಕಳದ್ರು. ಯಾರಿಗೂ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಹಾಕಿಸ್ಯಾರ. ಕುಂಟಗ, ಕುರುಡಗ ಮಾತಾಡಿಸಿದಂಗ ಮಂದಿ ಮಾತಾಡಸ್ತಾರಂತ."

"ಮತ್ತ ಈ ಮೂರು ದಿನ?"

"ಮೂರು ದಿನ ಇಲ್ಲೇ ಕುಂತು ನನ್ನ ಜೋಡಿ ಊಟಾ ಮಾಡಿದ್ರು. ಇವತ್ತ ಎದ್ದು ಬಂದ್ರು, ಛತ್ತ ನೋಡಿದ್ರು, ತಿರುಗಿ ಹ್ವಾದ್ರು."

ಶೆಟ್ಟೆಪ್ಪ ಒದ್ದೆ ಬಟ್ಟೆ ಹಿಂಡಿದ, ಹಿಂಡಲು ನೀರು ಉಳಿದಿರಲಿಲ್ಲ.

ದೇವಧರ್ ಹತ್ತಕ್ಕೆ ಸರಿಯಾಗಿ ಬಂದ. ಬಾಗಿಲಲ್ಲೇ ನಿಂತ. "ಅರೆ, ಇದೇನು? ಗೋಡೆಗೆ ಕುಷ್ಠ ಬಂದಿದೆಯಲ್ಲ."

"ಮಾಲೇ ಸರಿ ಇಲ್ರಿ," ಅಂದುಬಿಟ್ಟ ಶೆಟ್ಟೆಪ್ಪ. ಮಾತು ಬಾಯಿಂದ ತಾನಾಗಿ ಜಾರಿತು. ಇಪ್ಪತ್ತು ವರ್ಷ ಕಂತ್ರಾಟುದಾರರು ಹೇಳುತ್ತಿದ್ದ ಮಾತು ಅದು, ಕೇಳಿ ಕೇಳಿ ಬಾಯಿಪಾಠವಾಗಿತ್ತು.

"ಮೋನಪ್ಪನ ಮಾಲು?" ದೇವಧರ್ ಹುಬ್ಬು ಏರಿಸಿದ. "ಹಾಗಾದರೆ ಅವನ ಅಂಗಡಿ ಬಂದ್. ಇಡೀ ಬಿಲ್ಡಿಂಗಿನ ಡಬ್ಬಿ ಬೇರೆ ಕಡೆ ತರುತ್ತೇನೆ. ನೀನು ಮಾತ್ರ ಸೋಮವಾರದಿಂದ ಶುರು ಮಾಡು."

ಬಿಲ್ಡಿಂಗ್ ಕೈಗೆ ಬಂದಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು. ನಿಂಗಣ್ಣ ಕಣ್ಣಲ್ಲೇ ಸುಮ್ಮನಿರು ಅಂದ. ಶೆಟ್ಟೆಪ್ಪನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ. ನಿಂಗಣ್ಣನ ಮೇಲೆ, ದೇವಧರನ ಮೇಲೆ, ಕೊನೆಗೆ ಸುಣ್ಣ ಎಸೆದ ತನ್ನ ಬಲಗೈ ಮೇಲೆ ಬಂದು ನಿಂತಿತು.

"ಮಾಲು ಚಲೋ ಅದ. ಅದಕ್ಕ ಸುಣ್ಣ ಹಾಕಿದವ ನಾನು."

"ಸುಣ್ಣ? ಡಿಸ್ಟೆಂಪರಿಗೆ? ಯಾಕೆ?"

"ಕರೀದು ನನಗ ಸೇರಲಿಲ್ಲ, ಹಾಕಿದೆ."

ಅಡಿಗೆಮನೆಯ ಬಾಗಿಲಿಂದ ನೀಲಾಬಾಯಿ ಮುಂದೆ ಬಂದಳು. "ಎರಡನೇ ಹಿಡಿ ನಾನ ಹಾಕಿಸೀನ್ರಿ..."

"ಅಕ್ಕಾ, ನೀವು ಸುಮ್ನಿರ್ರಿ. ಬಕೇಟ ನಂದು," ಎಂದು ಶೆಟ್ಟೆಪ್ಪ ಗದರಿದ.

ದೇವಧರ್ ಗೋಡೆಗೆ ಬೆರಳು ಒರೆಸಿ ನೋಡಿದ. "ಸಚ್ ಹೇಳಿದೆ, ಒಳ್ಳೆಯದು. ಆದರೆ ಶೆಟ್ಟೆಪ್ಪ, ಮೂವತ್ತೆರಡು ಮನೆಯವರು ಮೂವತ್ತೆರಡು ಬಣ್ಣ ಕೇಳುತ್ತಾರೆ. ನಿನಗೆ ಸೇರದ್ದಕ್ಕೆಲ್ಲ ನೀನು ಒಂದೊಂದು ಹಿಡಿ ಎಸೆದರೆ ಅವರು ಬಂದು ನನ್ನ ಕುತ್ತಿಗೆ ಹಿಡಿಯುತ್ತಾರೆ." ಚಪ್ಪಲಿ ಮೆಟ್ಟಿ ಇಳಿದು ಹೋದ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರೆ. ನಂಬಿಕೆಯಲ್ಲಿ ಕೊಯ್ದದ್ದೂ ಬರುವುದಿಲ್ಲ.

"ಹೋತಲ್ಲಣ್ಣಾ ಬಿಲ್ಡಿಂಗು," ಎಂದ ನಿಂಗಣ್ಣ.

"ಹೋತು. ಪತ್ರಾ ಕೊಡಿಲ್ಲಿ."

ಕೆರೆಯುವ ಪತ್ರಾ ಹಿಡಿದು ಶೆಟ್ಟೆಪ್ಪ ಮೂಲೆಯಿಂದ ಶುರು ಮಾಡಿದ. ಎರಡು ದಿನ ನಿಂಗಣ್ಣ ಗೊಣಗುತ್ತಾ ಕೈ ಹಾಕಿದ, ಮೂರನೇ ದಿನ ಅಂಧೇರಿಯಲ್ಲಿ ಬೇರೆ ಕೆಲಸ ಸಿಕ್ಕಿತೆಂದು ಹೋದ. ಶೆಟ್ಟೆಪ್ಪ ಒಬ್ಬನೇ ಕೆರೆದ, ಒಬ್ಬನೇ ಲಾಂಬಿ ಹಾಕಿದ. ಮೋನಪ್ಪನ ಅಂಗಡಿಗೆ ಹೋಗಿ ನಡೆದದ್ದನ್ನು ತಾನೇ ಹೇಳಿ, ಬೈಸಿಕೊಂಡು, ಹೊಸ ಡಬ್ಬಿ ತಂದ. ಈ ಸಲ ಬಣ್ಣ ಕಲಸುವಾಗ ನೀಲಾಬಾಯಿ ಬಂದು ನೋಡಿದಳು, ಚಹಾದ ಬಸಿ ಇಟ್ಟು ಹೋದಳು. ಬರೀ ಕರಿಯನ್ನೇ ಹಚ್ಚಿದ, ಒಂದರ ಮೇಲೊಂದು ಎರಡು ಕೈ. ಅಡಿಗೆಮನೆಗೂ ಹಚ್ಚಿದ.

ಕೊನೆಯ ದಿನ ಮಧ್ಯಾಹ್ನ ಬ್ರಶ್ಶು ತೊಳೆಯುತ್ತಿದ್ದಾಗ ಸಿದ್ದರಾಮಪ್ಪ ನಡುಮನೆಗೆ ಬಂದರು. ಕನ್ನಡಕ ಅಂಗಿಯ ಜೇಬಿನಲ್ಲಿತ್ತು. ಗೋಡೆಯುದ್ದಕ್ಕೂ ನಿಧಾನವಾಗಿ ನಡೆದರು, ನಕ್ಷೆ ತಪಾಸಣೆ ಮಾಡುವವರ ಹಾಗೆ. ಕಿಟಕಿಯ ಮೇಲಿನ ಮೂಲೆ ನೋಡುತ್ತಾ ನಿಂತರು.

"ಇಲ್ಲೊಂದು ಬೆರಳಗಲ ಬಿಟ್ಟೀಯಲ್ಲೋ."

ತನ್ನ ಕೆಲಸಕ್ಕೆ ಬೆರಳು ತೋರಿಸಿದವರನ್ನು ಶೆಟ್ಟೆಪ್ಪ ಅಲ್ಲಿಯವರೆಗೆ ಬಿಟ್ಟವನಲ್ಲ. ಬಂದು ನೋಡಿದ. ಬಿಟ್ಟಿದ್ದು ಖರೆ. ತೊಳೆದ ಬ್ರಶ್ಶನ್ನು ಮತ್ತೆ ಬಣ್ಣಕ್ಕೆ ಅದ್ದಿ ಏಣಿ ಹತ್ತಿದ.